ಉಳಿದ ಬೆಳ್ಳಿಯ ಬಣ್ಣ

ಮೇಲುಕೋಟೆಯ ಕಲ್ಯಾಣಿಯಲ್ಲಿ ಮಟಮಟ ಮಧ್ಯಾಹ್ನ ಪಂಚೆ ಹಿಂಡುತ್ತ ನಿಂತ ಅಜ್ಜರೊಬ್ಬರ ಚಿತ್ರ ನನ್ನ ಬಳಿ ಇದೆ. 36 ಮಿಲಿಮೀಟರ್ ಅಗಲ, 24 ಮಿಲಿಮೀಟರ್ ಎತ್ತರ, ಒಂದು ಅಂಚೆಚೀಟಿಯಷ್ಟು. ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂತಿರುವ ಈ ಫಿಲ್ಮಿನ ಚೂರನ್ನು, ಅಂದರೆ ಸ್ಲೈಡನ್ನು, ಕಿಟಕಿಯ ಬೆಳಕಿಗೆ ಹಿಡಿದಾಗಲೆಲ್ಲ ನನಗೆ ಒಂದು ಸಣ್ಣ ಸೋಜಿಗ. ಅಂದು ಆ ಪಂಚೆಗೆ ಬಡಿದು ಚಿಮ್ಮಿದ ಬಿಸಿಲು ಬಂದು ಬಿದ್ದದ್ದು ಇದೇ ಚೂರಿನ ಮೇಲೆ. ಇದರ ಅಪ್ಪನ ಮೇಲಲ್ಲ, ಅಣ್ಣನ ಮೇಲಲ್ಲ. ಸಂಜೆ ಇದನ್ನೇ ಪ್ರೊಜೆಕ್ಟರಿಗೆ ಹಾಕಿದರೆ ದೀಪದ ಬೆಳಕು ಇದನ್ನೇ ತೂರಿಕೊಂಡು ಹೋಗಿ ಗೋಡೆಯ ಮೇಲೆ ಅಜ್ಜರನ್ನು ಆಳೆತ್ತರಕ್ಕೆ ನಿಲ್ಲಿಸುತ್ತದೆ. ನಡುವೆ ದಲ್ಲಾಳಿಗಳು ಯಾರೂ ಇಲ್ಲ.

ನೆಗೆಟಿವ್ ಫಿಲ್ಮಿನಲ್ಲಿ ದಲ್ಲಾಳಿ ಇದ್ದಾನೆ. ಅಲ್ಲಿ ಕ್ಯಾಮೆರಾದೊಳಗೆ ಹುಟ್ಟುವುದು ಕಚ್ಚಾ ಮಾಲು; ಅದನ್ನು ಕಾಗದಕ್ಕೆ ಇಳಿಸುವಾಗ ಲ್ಯಾಬಿನವರು ಕತ್ತಲಾದದ್ದನ್ನು ತಿಳಿ ಮಾಡುತ್ತಾರೆ, ನೀಲಿ ಹೆಚ್ಚಾದರೆ ಕಡಿಮೆ ಮಾಡುತ್ತಾರೆ. ನಾವು ಮಾಡಿದ ಎಷ್ಟೋ ತಪ್ಪುಗಳು ಹಾಗೆ ಮುಚ್ಚಿಹೋಗುತ್ತವೆ. ಡಿಜಿಟಲ್ ಕ್ಯಾಮೆರಾ ಬಂದ ಮೇಲಂತೂ ತಪ್ಪು ಎಂಬುದೇ ಇಲ್ಲ, ಎಲ್ಲವೂ ತಿದ್ದುಪಡಿಗೆ ಒಳಪಟ್ಟದ್ದು. ಸ್ಲೈಡಿನಲ್ಲಿ ಆ ಮಾಫಿ ಇಲ್ಲ. ಗುಂಡಿ ಒತ್ತಿದ ಗಳಿಗೆಯಲ್ಲಿ ಎಷ್ಟು ಬೆಳಕು, ಯಾವ ಬಣ್ಣದ ಬೆಳಕು ಒಳಗೆ ಹೋಯಿತೋ ಅದೇ ಕೊನೆಯ ಮಾತು.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಫಿಲ್ಮಿನಲ್ಲಿರುವುದು ಬೆಳ್ಳಿಯ ಲವಣ. ಬೆಳಕು ತಾಗಿದ ಕಡೆ ಅದು ಕಪ್ಪಾಗುತ್ತದೆ. ಹಾಗಿದ್ದರೆ ಬೆಳ್ಳಗಿನ ಪಂಚೆ ಫಿಲ್ಮಿನಲ್ಲಿ ಕಪ್ಪಾಗಬೇಕು. ನೆಗೆಟಿವ್‌ನಲ್ಲಿ ಆಗುವುದೂ ಹಾಗೆಯೇ. ಅದೇ ಬೆಳ್ಳಿ ಸ್ಲೈಡಿನಲ್ಲಿ ಪಂಚೆಯನ್ನು ಬೆಳ್ಳಗೆ ತೋರಿಸುವುದು ಹೇಗೆ? ಅದೂ ಸಾಲದೆಂಬಂತೆ, ಬೂದು ಬಣ್ಣದ ಲೋಹದಿಂದ ಕಲ್ಯಾಣಿಯ ಪಾಚಿಹಸಿರು ಬಂದದ್ದು ಎಲ್ಲಿಂದ?

ಬಣ್ಣದ ಕತೆ ಮೊದಲು. ಅದು ಶುರುವಾಗುವುದೇ ಸ್ಲೈಡುಗಳಿಂದ. 1861ರ ಮೇ 17ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಒಂದು ಉಪನ್ಯಾಸ ಕೊಟ್ಟರು. ವಿದ್ಯುತ್ಕಾಂತೀಯ ಸಮೀಕರಣಗಳ ಅದೇ ಮ್ಯಾಕ್ಸ್‌ವೆಲ್. ಕಣ್ಣು ಎಲ್ಲ ಬಣ್ಣಗಳನ್ನೂ ಕೆಂಪು, ಹಸಿರು, ನೀಲಿ ಎಂಬ ಮೂರರ ಬೆರಕೆಯಾಗಿಯೇ ನೋಡುತ್ತದೆ ಎಂದು ತೋರಿಸುವುದು ಅವರ ಉದ್ದೇಶ. ಛಾಯಾಗ್ರಾಹಕ ಥಾಮಸ್ ಸಟನ್ ಅವರಿಂದ ಪಟ್ಟೆಪಟ್ಟೆಯ ಒಂದು ರಿಬ್ಬನ್ನನ್ನು ಮೂರು ಸಲ ತೆಗೆಸಿದ್ದರು: ಕೆಂಪು ದ್ರಾವಣದ ಮೂಲಕ ಒಮ್ಮೆ, ಹಸಿರಿನ ಮೂಲಕ ಒಮ್ಮೆ, ನೀಲಿಯ ಮೂಲಕ ಒಮ್ಮೆ. ಮೂರೂ ಕಪ್ಪು-ಬಿಳುಪಿನ ಗಾಜಿನ ಸ್ಲೈಡುಗಳೇ. ಅವನ್ನು ಮೂರು ಲಾಟೀನು ಪ್ರೊಜೆಕ್ಟರುಗಳಿಗೆ ಹಾಕಿ, ಮುಂದೆ ಅದೇ ಬಣ್ಣದ ದ್ರಾವಣಗಳನ್ನು ಇಟ್ಟು, ಪರದೆಯ ಮೇಲೆ ಒಂದರ ಮೇಲೊಂದು ಕೂರಿಸಿದಾಗ ರಿಬ್ಬನ್ನಿನ ಬಣ್ಣಗಳು ಕಾಣಿಸಿಕೊಂಡವು.

ಅದು ಕಾಣಬಾರದಿತ್ತು! ಆ ಕಾಲದ ಕೊಲೋಡಿಯನ್ ಗಾಜಿಗೆ ಕೆಂಪು ಬೆಳಕೆಂದರೆ ಕತ್ತಲೆ. ಅದಕ್ಕೆ ತಿಳಿಯುತ್ತಿದ್ದದ್ದು ನೀಲಿ, ನೇರಳೆ, ಅದರಾಚೆಯ ಅತಿನೇರಳೆ ಮಾತ್ರ. ಕೆಂಪಿನ ಮೂಲಕ ತೆಗೆದ ಗಾಜಿನಲ್ಲಿ ಏನೂ ಮೂಡುವಂತಿರಲಿಲ್ಲ. ಈ ಒಗಟು ಬಿಡಿಸಲು ನೂರು ವರ್ಷ ಬೇಕಾಯಿತು. 1961ರಲ್ಲಿ ಕೊಡಾಕ್ ಕಂಪನಿಯ ರಾಲ್ಫ್ ಇವಾನ್ಸ್ ಅದೇ ಪ್ರಯೋಗವನ್ನು ಮರಳಿ ಮಾಡಿ ನೋಡಿದರು. ರಿಬ್ಬನ್ನಿನ ಕೆಂಪು ಬಟ್ಟೆ ಕೆಂಪಿನ ಜೊತೆಗೆ ಅತಿನೇರಳೆಯನ್ನೂ ಪ್ರತಿಫಲಿಸುತ್ತಿತ್ತು. ಕೆಂಪು ದ್ರಾವಣ ಅದನ್ನೂ ಒಳಗೆ ಬಿಟ್ಟಿತ್ತು. ಕೆಂಪೆಂದು ಗಾಜಿನ ಮೇಲೆ ಮೂಡಿದ್ದದ್ದು ಕಣ್ಣಿಗೆ ಕಾಣದ ಬೆಳಕಿನ ಗುರುತು. ಸಿದ್ಧಾಂತ ಸರಿ, ಪ್ರಯೋಗ ತಪ್ಪು, ಫಲಿತಾಂಶ ಸರಿ. ವಿಜ್ಞಾನದಲ್ಲಿ ಇಂಥ ಅದೃಷ್ಟ ಎಲ್ಲರಿಗೂ ಒದಗುವುದಿಲ್ಲ.

ಮೂರು ಪ್ರೊಜೆಕ್ಟರುಗಳ ಆ ಕಸರತ್ತನ್ನು ಒಂದೇ ಫಿಲ್ಮಿನ ಮೂರು ಪದರಗಳಿಗೆ ಇಳಿಸಿದ್ದು ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರ. ಇಂದಿನ ಸ್ಲೈಡ್ ಫಿಲ್ಮಿನ ಮೇಲ್ಪದರ ನೀಲಿಯನ್ನು, ನಡುವಿನದು ಹಸಿರನ್ನು, ತಳದ್ದು ಕೆಂಪನ್ನು ಹಿಡಿಯುತ್ತದೆ. ಕೆಳಗಿನ ಎರಡಕ್ಕೂ ನೀಲಿಯ ಚಪಲ ಇದ್ದೇ ಇರುವುದರಿಂದ, ಮೇಲ್ಪದರದ ಕೆಳಗೆ ಹಳದಿಯದೊಂದು ತೆಳ್ಳನೆಯ ಪರದೆ ಹಾಸಿ ನೀಲಿ ಬೆಳಕು ಅಲ್ಲಿಂದ ಮುಂದೆ ಇಳಿಯದಂತೆ ತಡೆದಿರುತ್ತಾರೆ. ಬಣ್ಣ ಕೊಡುವಾಗ ಲೆಕ್ಕ ತಿರುವುಮುರುವು. ಸ್ಲೈಡಿನ ಹಿಂದೆ ಇರುವುದು ಬಿಳಿ ದೀಪ. ಅದರಲ್ಲಿ ಎಲ್ಲ ಬಣ್ಣವೂ ಇದೆ. ಬೇಡದ್ದನ್ನು ನುಂಗಿಬಿಡುವುದಷ್ಟೇ ಫಿಲ್ಮಿನ ಕೆಲಸ. ನೀಲಿಯನ್ನು ನುಂಗಲು ಅರಿಶಿನದ ಹಳದಿ, ಹಸಿರನ್ನು ನುಂಗಲು ಮಜೆಂಟಾ (ಸೀರೆ ಅಂಗಡಿಯವರು ರಾಣಿ ಪಿಂಕ್ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ), ಕೆಂಪನ್ನು ನುಂಗಲು ಸಯಾನ್ ಎಂಬ ಹಸಿರು ಬೆರೆತ ನೀಲಿ. ಮೂರೂ ದಟ್ಟವಾಗಿದ್ದರೆ ದೀಪ ಪೂರ್ತಿ ಆರಿದಂತೆ, ಅದು ಕಪ್ಪು. ಮೂರೂ ಇಲ್ಲದಿದ್ದರೆ ಬರಿಯ ಪಾರದರ್ಶಕ ಫಿಲ್ಮು, ಅದು ಬಿಳುಪು. ಅಜ್ಜರ ಪಂಚೆ ಇರುವ ಜಾಗದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ.

ಇದನ್ನು ಸಾಧಿಸಿದವರಲ್ಲಿ ಇಬ್ಬರು ಸಂಗೀತಗಾರರು. ಲಿಯೊಪೋಲ್ಡ್ ಮ್ಯಾನ್ಸ್ ಪಿಯಾನೋದವರು, ಲಿಯೊಪೋಲ್ಡ್ ಗೊಡೋವ್‌ಸ್ಕಿ ಪಿಟೀಲಿನವರು. ಹುಡುಗರಾಗಿದ್ದಾಗ ಒಂದು ಕೆಟ್ಟ ಬಣ್ಣದ ಸಿನಿಮಾ ನೋಡಿ, ಇದಕ್ಕಿಂತ ಚೆನ್ನಾಗಿ ನಾವೇ ಮಾಡಬಹುದು ಎಂದು ಹೊರಟವರು. ಕೊನೆಗೆ ಕೊಡಾಕ್ ಅವರನ್ನು ರಾಚೆಸ್ಟರಿನ ತನ್ನ ಪ್ರಯೋಗಾಲಯಕ್ಕೆ ಕರೆಸಿಕೊಂಡಿತು. ಕತ್ತಲಕೋಣೆಯಲ್ಲಿ ಗಡಿಯಾರ ಕಾಣದೆಂದು ಬ್ರಾಮ್ಸ್‌ನ ಸಿಂಫನಿಯನ್ನು ತಾಳ ತಪ್ಪದಂತೆ ಸಿಳ್ಳೆ ಹಾಕುತ್ತ ಫಿಲ್ಮು ತೊಳೆಯುವ ಸಮಯ ಅಳೆಯುತ್ತಿದ್ದರಂತೆ. ಅದನ್ನು ಕೇಳಿದ ಅಲ್ಲಿನ ವಿಜ್ಞಾನಿಗಳ ಮುಖ ಹೇಗಿತ್ತೋ! 1935ರಲ್ಲಿ ಬಂದ ಅವರ ಕೊಡಾಕ್ರೋಮ್ ಮುಂದೆ ಮುಕ್ಕಾಲು ಶತಮಾನ ಆಳಿತು. ಆದರೆ ಅದರಲ್ಲೊಂದು ಪೇಚಿತ್ತು. ಬಣ್ಣ ಹುಟ್ಟಿಸುವ ಕಪ್ಲರ್ ಎಂಬ ರಾಸಾಯನಿಕಗಳು ಫಿಲ್ಮಿನಲ್ಲಿರಲಿಲ್ಲ, ತೊಳೆಯುವ ದ್ರಾವಣದಲ್ಲಿದ್ದವು. ಒಂದೊಂದು ಬಣ್ಣಕ್ಕೆ ಒಂದೊಂದು ಡೆವಲಪರ್, ನಡುನಡುವೆ ಬೇರೆ ಬೇರೆ ಬೆಳಕು. ಮನೆಯಲ್ಲಿ ಮಾಡುವ ಮಾತೇ ಇರಲಿಲ್ಲ. 2009ರಲ್ಲಿ ಕೊಡಾಕ್ ಅದನ್ನು ನಿಲ್ಲಿಸಿತು. ಕಾರ್ಖಾನೆಯಿಂದ ಬಂದ ಕೊನೆಯ ರೋಲನ್ನು ಛಾಯಾಗ್ರಾಹಕ ಸ್ಟೀವ್ ಮೆಕ್‌ಕರಿ ಕೇಳಿ ಪಡೆದು, 36 ಚಿತ್ರಗಳಲ್ಲಿ ಒಂದಷ್ಟನ್ನು 2010ರಲ್ಲಿ ಭಾರತಕ್ಕೆ ಬಂದು ತೆಗೆದರು, ಮುಂಬೈಯ ಸಿನಿಮಾ ಮಂದಿಯನ್ನು, ರಾಜಸ್ಥಾನದ ರಬಾರಿಗಳನ್ನು. ಕನ್ಸಾಸ್ ರಾಜ್ಯದ ಪಾರ್ಸನ್ಸ್ ಎಂಬ ಸಣ್ಣ ಊರಿನ ಡ್ವೇನ್ಸ್ ಫೋಟೋದಲ್ಲಿ ಅದನ್ನು ತೊಳೆದರು. 2010ರ ಡಿಸೆಂಬರ್ 30ರ ನಂತರ ಅಲ್ಲಿಯೂ ಕೊಡಾಕ್ರೋಮ್ ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಇಂದು ಎಲ್ಲೋ ಬೀರುವಿನಲ್ಲಿ ತೊಳೆಯದ ಕೊಡಾಕ್ರೋಮ್ ಸಿಕ್ಕರೆ ಅದರಿಂದ ಬಣ್ಣ ತೆಗೆದುಕೊಡುವ ಲ್ಯಾಬ್ ಇಲ್ಲ.

ನಮ್ಮಂಥವರಿಗೆ ಬಾಗಿಲು ತೆಗೆದದ್ದು ಇನ್ನೊಂದು ದಾರಿ. 1936ರಲ್ಲಿ ಜರ್ಮನಿಯ ಅಗ್ಫಾ ಕಂಪನಿ ಕಪ್ಲರುಗಳನ್ನು ಫಿಲ್ಮಿನ ಪದರಗಳಲ್ಲೇ ಕಟ್ಟಿಹಾಕಿತು. ಆ ಅಣುಗಳಿಗೆ ಉದ್ದನೆಯ ಬಾಲ ಜೋಡಿಸಿದರು. ಬಾಲ ಸಿಕ್ಕಿಕೊಂಡು ಅವು ಪಕ್ಕದ ಪದರಕ್ಕೆ ಅಲೆಯದಂತಾಯಿತು. ಹೀಗಾಗಿ ಮೂರು ಬಣ್ಣಕ್ಕೂ ಒಂದೇ ಡೆವಲಪರ್ ಸಾಕು. ಕೊಡಾಕ್ 1946ರಲ್ಲಿ ತಂದ ಎಕ್ಟಾಕ್ರೋಮ್ ಕೂಡ ಈ ಜಾತಿಯದೇ. ಇಂದು ಸಿಗುವ ಎಲ್ಲ ಬಣ್ಣದ ಸ್ಲೈಡ್ ಫಿಲ್ಮುಗಳಿಗೂ ಒಂದೇ ವಿಧಾನ. ಅದರ ಹೆಸರು ಇ-6, ಅದು 1970ರ ದಶಕದ ನಡುವಿನಲ್ಲಿ ಬಂದದ್ದು.

ಇಂದು ಸಿಗುವುದು ಎಷ್ಟು? ಬೆರಳೆಣಿಕೆ. ಫ್ಯೂಜಿ ಕಂಪನಿಯ ವೆಲ್ವಿಯಾ ಮತ್ತು ಪ್ರೊವಿಯಾ, ಕೊಡಾಕಿನ ಎಕ್ಟಾಕ್ರೋಮ್ ಇ100. ಎಕ್ಟಾಕ್ರೋಮನ್ನು 2012ರಲ್ಲಿ ಕೊಡಾಕ್ ಕೈಬಿಟ್ಟಿತ್ತು. ಅದೇ ವರ್ಷ ಕಂಪನಿಯೇ ದಿವಾಳಿಯ ಅರ್ಜಿ ಹಾಕಿತ್ತು. 2018ರಲ್ಲಿ ಮತ್ತೆ ತಯಾರಿಸತೊಡಗಿತು. ಸತ್ತ ಫಿಲ್ಮು ಎದ್ದು ಬಂದ ಉದಾಹರಣೆಗಳು ಕಡಿಮೆ, ಇದು ಅಂಥದ್ದೊಂದು. ಬೆಲೆ ಕೇಳಬೇಡಿ, ಅಮೆರಿಕದಲ್ಲೇ ಒಂದು ರೋಲು 20 ಡಾಲರ್ ದಾಟಿದೆ. ಪ್ರತಿ ಕ್ಲಿಕ್ಕಿಗೂ ಒಂದು ಮಸಾಲೆ ದೋಸೆ ಎಂದು ಲೆಕ್ಕ ಇಟ್ಟುಕೊಂಡರೆ ಕೈ ತಾನಾಗಿಯೇ ನಿಧಾನವಾಗುತ್ತದೆ. ವೆಲ್ವಿಯಾ ಎಲೆಯ ಹಸಿರನ್ನು, ಸಂಜೆಯ ಕೆಂಪನ್ನು ಇದ್ದದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಕೊಡುತ್ತದೆ. ಆಗುಂಬೆಗೆ ಸೊಗಸು, ಆದರೆ ಮದುವೆಮನೆಗೆ ಒಯ್ಯಬೇಡಿ. ಎಲ್ಲರ ಮುಖವೂ ಜ್ವರ ಬಂದಂತೆ ಕೆಂಪೇರುತ್ತದೆ. ಮುಖಕ್ಕೆ ಎಕ್ಟಾಕ್ರೋಮ್ ಅಥವಾ ಪ್ರೊವಿಯಾ. ವಿಮಾನದಲ್ಲಿ ಹೋಗುವವರು ತೊಳೆಯದ ರೋಲುಗಳನ್ನು ಹೊಸ ಬಗೆಯ ಸಿ.ಟಿ. ಸ್ಕ್ಯಾನರಿಗೆ ಹಾಕದೆ ಕೈಯಲ್ಲಿ ಹಿಡಿದು ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಈಗ ಅಜ್ಜರ ಪಂಚೆಗೆ ಬರೋಣ. ಒಗೆದ ಬಿಳಿ ಬಟ್ಟೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ನೂರಕ್ಕೆ 90ರಷ್ಟನ್ನು ಹಿಂದಕ್ಕೆ ಕಳಿಸುತ್ತದೆ ಎನ್ನಿ. ಬಿಸಿಲಲ್ಲಿ ಮಾಗಿದ ಕಪ್ಪು ಮೈ 11ರಷ್ಟು ಕಳಿಸಿದರೆ ಎರಡರ ನಡುವೆ ಎಂಟು ಪಟ್ಟು ವ್ಯತ್ಯಾಸ. ಫೋಟೋದವರ ಭಾಷೆಯಲ್ಲಿ ಒಂದು ಸ್ಟಾಪ್ ಎಂದರೆ ದುಪ್ಪಟ್ಟು, ಹಾಗಾಗಿ ಇದು ಮೂರು ಸ್ಟಾಪ್. ಅವರ ಹಿಂದೆ ಮಂಟಪದ ನೆರಳಿದೆ, ಅಲ್ಲಿ ಇನ್ನೂ ಮೂರು ಸ್ಟಾಪ್ ಕತ್ತಲು. ಒಟ್ಟು ಆರು. ನೆಗೆಟಿವ್ ಫಿಲ್ಮು ಹತ್ತು ಸ್ಟಾಪಿನ ಅಂತರವನ್ನು ಆರಾಮವಾಗಿ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ಸ್ಲೈಡಿಗೆ ಐದೋ ಆರೋ ಅಷ್ಟೇ. ಯಾವುದನ್ನು ಉಳಿಸುವುದು, ಯಾವುದನ್ನು ಬಿಡುವುದು?

ಉತ್ತರ ಯಾವಾಗಲೂ ಒಂದೇ: ಪಂಚೆಯನ್ನು ಉಳಿಸಿ. ನೆರಳು ಕಪ್ಪಾದರೆ ನೋಡುವವರು ಒಪ್ಪಿಕೊಳ್ಳುತ್ತಾರೆ, ನೆರಳೆಂದರೆ ಕಪ್ಪೇ ತಾನೆ. ಪಂಚೆಯ ನೆರಿಗೆ ಅಳಿಸಿಹೋದರೆ ಆ ಜಾಗದಲ್ಲಿ ಬರಿಯ ಪಾರದರ್ಶಕ ಪ್ಲಾಸ್ಟಿಕ್ ಉಳಿಯುತ್ತದೆ, ಪರದೆಯ ಮೇಲೆ ಬೆತ್ತಲೆ ದೀಪ ಉರಿಯುತ್ತದೆ; ಕಣ್ಣು ಅಲ್ಲಿಗೇ ಹೋಗಿ ಅಂಟಿಕೊಳ್ಳುತ್ತದೆ. ಕ್ಯಾಮೆರಾದ ಮೀಟರು ಇದನ್ನರಿಯದು. ಮಂಟಪದ ಕತ್ತಲನ್ನು ನೋಡಿ, ಬೆಳಕು ಸಾಲದು, ಇನ್ನಷ್ಟು ಕೊಡು ಎನ್ನುತ್ತದೆ. ನಾನು ಅಂದು ಮೀಟರಿಗೆ ಕಿವಿಗೊಡದೆ ಹಳೆಯ ನಿಯಮವನ್ನೇ ಹಿಡಿದೆ: 100ರ ಫಿಲ್ಮು, ನೆತ್ತಿಯ ಮೇಲೆ ಸೂರ್ಯ, ಲೆನ್ಸು ಎಫ್ 16ರಲ್ಲಿ, ಶಟರು ಸೆಕೆಂಡಿನ 125ನೇ ಒಂದು ಭಾಗ. ಆಮೇಲೆ ಅರ್ಧ ಸ್ಟಾಪ್ ಅತ್ತ, ಅರ್ಧ ಸ್ಟಾಪ್ ಇತ್ತ, ಇನ್ನೆರಡು. ಮೂರು ಮಸಾಲೆ ದೋಸೆ ಹೋಯಿತು. ಆದರೆ ಆ ಅಜ್ಜರು ಪಂಚೆಯನ್ನು ಅದೇ ರೀತಿ ಮತ್ತೊಮ್ಮೆ ಹಿಂಡುವವರಲ್ಲ.

ಬೆಳಕಿನ ಬಣ್ಣದ ಬಗ್ಗೆಯೂ ಎರಡು ಮಾತು. ಈ ಫಿಲ್ಮುಗಳನ್ನು ಸುಮಾರು 5500 ಕೆಲ್ವಿನ್‌ನ ಹಗಲ ಬೆಳಕಿಗೆ ಹೊಂದಿಸಿರುತ್ತಾರೆ. ಮರದ ನೆರಳಲ್ಲಿ ಮೇಲಿನ ನೀಲಿ ಆಕಾಶವೇ ದೀಪ. ಅಲ್ಲಿ ನಿಂತವರ ಬಿಳಿ ಅಂಗಿಗೆ ನೀಲಿ ಹಾಕಿ ಒಗೆದಂತೆ ಕಾಣುತ್ತದೆ. ಹಳೆಯ ಬಲ್ಬಿನ ಕೆಳಗೆ ಎಲ್ಲವೂ ಕಿತ್ತಳೆ. ನಮ್ಮ ಮೆದುಳು ಇದನ್ನೆಲ್ಲ ಹೇಳದೆಕೇಳದೆ ಸರಿಪಡಿಸಿಕೊಳ್ಳುತ್ತದೆ, ಫಿಲ್ಮು ಸರಿಪಡಿಸುವುದಿಲ್ಲ. ಲೆನ್ಸಿನ ಮುಂದೆ ತಕ್ಕ ಬಣ್ಣದ ಫಿಲ್ಟರು ಹಾಕುವುದೊಂದೇ ದಾರಿ.

ರೋಲು ಮುಗಿಯಿತು. ಈಗ ಅದರಲ್ಲಿ ಚಿತ್ರ ಇದೆ, ಆದರೆ ಯಾವ ಸೂಕ್ಷ್ಮದರ್ಶಕಕ್ಕೂ ಸುಲಭಕ್ಕೆ ಕಾಣದು. ಜಿಲೆಟಿನ್ನಿನಲ್ಲಿ ಹುದುಗಿದ ಬೆಳ್ಳಿ ಲವಣದ ಒಂದೊಂದು ಹರಳಿನ ಮೇಲೂ, ಬೆಳಕು ತಾಗಿದ್ದರೆ, ನಾಲ್ಕಾರು ಪರಮಾಣುಗಳಷ್ಟು ಬೆಳ್ಳಿಯ ಚುಕ್ಕೆ ಕೂತಿರುತ್ತದೆ. ಜಿಲೆಟಿನ್ ಎಂದೆನಲ್ಲ, ದನದ ಮೂಳೆ ಚರ್ಮ ಬೇಯಿಸಿ ತೆಗೆಯುವ ಅಂಟು. ಕೆಲವು ಜಿಲೆಟಿನ್ನಿನಲ್ಲಿ ಫಿಲ್ಮು ಚುರುಕಾಗಿರುತ್ತಿತ್ತು, ಕೆಲವದರಲ್ಲಿ ಮಂಕು. ಕಾರಣ ಯಾರಿಗೂ ಗೊತ್ತಿರಲಿಲ್ಲ. 1920ರ ದಶಕದಲ್ಲಿ ಕೊಡಾಕಿನ ಸ್ಯಾಮ್ಯುಯೆಲ್ ಶೆಪರ್ಡ್ ಕಂಡುಹಿಡಿದರು. ದನಗಳು ಮೇಯ್ದ ಸಾಸಿವೆ ಗಿಡದ ಗಂಧಕ ಅದಕ್ಕೆ ಕಾರಣ! ಹೌದು, ನಮ್ಮ ಒಗ್ಗರಣೆಯ ಸಾಸಿವೆಗೆ ಘಾಟು ಕೊಡುವ ಅದೇ ಬಗೆಯ ಗಂಧಕದ ಸಂಯುಕ್ತ. ಹರಳಿನ ಮೇಲೆ ಬೆಳಕಿನ ಗುರುತು ನಿಲ್ಲಲು ಅದು ಒಂದು ಕೊಕ್ಕೆ ಒದಗಿಸುತ್ತದೆ. ಈಗ ಗಂಧಕವನ್ನು ಅಳೆದು ಬೇರೆಯಾಗಿಯೇ ಸೇರಿಸುತ್ತಾರೆ.

ಇ-6 ಮಾಡುವ ಲ್ಯಾಬುಗಳು ನಮ್ಮಲ್ಲಿ ವಿರಳವಾಗಿರುವುದರಿಂದ ನಾನು ಮನೆಯಲ್ಲೇ ಮಾಡುತ್ತೇನೆ. ಬಚ್ಚಲುಮನೆ, 20 ಲೀಟರಿನ ಟಬ್ಬು, ಬಾಟಲಿಗಳು, ಬೆಳಕು ನುಗ್ಗದ ಟ್ಯಾಂಕು, ಒಳ್ಳೆಯದೊಂದು ಥರ್ಮಾಮೀಟರು. ನೀರು ಬಿಸಿಯಿಡಲು ಅಡುಗೆಯವರು ಬಳಸುವ, ಉಷ್ಣತೆ ಹಿಡಿದು ನಿಲ್ಲಿಸುವ ಕಡ್ಡಿಯಂಥ ಹೀಟರು. ಬೆಂಗಳೂರಿನ ಬೋರ್‌ವೆಲ್ ನೀರಿನ ಸುಣ್ಣ ದ್ರಾವಣಕ್ಕೂ ಆಗದು, ಫಿಲ್ಮಿನ ಮೇಲೂ ಕಲೆ ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತರುತ್ತೇನೆ. ಫಿಲ್ಮನ್ನು ಕಪ್ಪು ಚೀಲದೊಳಗೆ ಕೈಯಾಡಿಸಿಯೇ ಸುರುಳಿಗೆ ಸುತ್ತಿ ಟ್ಯಾಂಕಿಗೆ ಹಾಕಿದರೆ ಮುಂದಿನದೆಲ್ಲ ಬೆಳಕಿನಲ್ಲೇ.

ಮೊದಲ ಡೆವಲಪರ್ 38 ಡಿಗ್ರಿ ಸೆಲ್ಸಿಯಸ್, ಆರು ನಿಮಿಷ. ಮಗುವಿಗೆ ಸಣ್ಣಗೆ ಜ್ವರ ಬಂದಾಗಿನ ಬಿಸಿ. ವ್ಯತ್ಯಾಸ 0.3 ಡಿಗ್ರಿ ಮೀರಬಾರದು. ವಿಶೇಷವೆಂದರೆ ಇದು ಶುದ್ಧ ಕಪ್ಪು-ಬಿಳುಪಿನ ಡೆವಲಪರ್, ಬಣ್ಣದ ಸೋಂಕೇ ಇಲ್ಲ. ಬೆಳಕು ತಾಗಿದ ಹರಳುಗಳನ್ನು ಮಾತ್ರ ಹುಡುಕಿ ಕೋಟಿಗಟ್ಟಲೆ ಪರಮಾಣುಗಳ ಕಪ್ಪು ಬೆಳ್ಳಿಯಾಗಿ ಬೆಳೆಸುತ್ತದೆ. ಈ ಹಂತದಲ್ಲಿ ನಿಲ್ಲಿಸಿ ನೋಡಿದರೆ ಅಜ್ಜರ ಪಂಚೆ ಕಪ್ಪು. ಮಾಮೂಲಿ ನೆಗೆಟಿವ್ ಆದರೆ ಉಳಿದ ಹರಳುಗಳನ್ನು ಈಗ ತೊಳೆದು ಚರಂಡಿಗೆ ಕಳಿಸುತ್ತಿದ್ದರು. ಇಲ್ಲಿ ಕಳಿಸುವುದಿಲ್ಲ. ಎಲ್ಲಿ ಬೆಳಕು ಹೆಚ್ಚು ಬಿತ್ತೋ ಅಲ್ಲಿ ಉಳಿದ ಹರಳು ಕಡಿಮೆ. ಎಲ್ಲಿ ಬೆಳಕು ಬೀಳಲಿಲ್ಲವೋ ಅಲ್ಲಿ ಹರಳೆಲ್ಲ ಹಾಗೇ ಇವೆ. ಅಂದರೆ ಉಳಿದದ್ದರಲ್ಲೇ ಸರಿಯಾದ ಚಿತ್ರ ಆಗಲೇ ಅಡಗಿ ಕೂತಿದೆ. ಅದಕ್ಕೆ ಬಣ್ಣ ಬರಬೇಕಷ್ಟೆ.

ಎರಡು ನಿಮಿಷ ನೀರಿನಲ್ಲಿ ತೊಳೆದು, ಇನ್ನೆರಡು ನಿಮಿಷ ರಿವರ್ಸಲ್ ದ್ರಾವಣದಲ್ಲಿಡಬೇಕು. ಅದರಲ್ಲಿರುವುದು ತವರದ ಕ್ಲೋರೈಡ್. ನನ್ನ ಬಾಲ್ಯದಲ್ಲಿ ಬೀದಿಗೆ ಬಂದು ತಿದಿ ಒತ್ತುತ್ತ, ನವಸಾಗರದ ಹೊಗೆಯ ನಡುವೆ ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರ ಕೈಯಲ್ಲಿದ್ದದ್ದೂ ಇದೇ ತವರ. ಇಲ್ಲಿ ಅದು ಉಳಿದ ಪ್ರತಿಯೊಂದು ಹರಳಿಗೂ, ನಿನ್ನ ಮೇಲೂ ಬೆಳಕು ಬಿದ್ದಿದೆ ಎಂದು ಸುಳ್ಳು ನಂಬಿಸುತ್ತದೆ. ಇ-6ಕ್ಕಿಂತ ಹಿಂದಿನ ಕೆಲವು ವಿಧಾನಗಳಲ್ಲಿ ಈ ಸುಳ್ಳು ಇರಲಿಲ್ಲ, ಸುರುಳಿಯನ್ನು ಹೊರತೆಗೆದು ನಿಜವಾಗಿಯೇ ಪ್ರಖರ ದೀಪಕ್ಕೆ ಹಿಡಿಯುತ್ತಿದ್ದ ಕಾಲವೂ ಇತ್ತು.

ಆಮೇಲೆ ಬಣ್ಣದ ಡೆವಲಪರ್, ಮತ್ತೆ ಆರು ನಿಮಿಷ. ಮೋಸಹೋದ ಹರಳುಗಳನ್ನು ಇದು ಬೆಳ್ಳಿಯಾಗಿಸುತ್ತದೆ. ಹಾಗೆ ಮಾಡುತ್ತ ತಾನು ಉತ್ಕರ್ಷಣಗೊಳ್ಳುತ್ತದೆ. ಉತ್ಕರ್ಷಣಗೊಂಡ ಆ ಅಣು ಪಕ್ಕದಲ್ಲೇ ಕಾದಿರುವ ಕಪ್ಲರಿಗೆ ಹೋಗಿ ಕೂಡಿಕೊಳ್ಳುತ್ತದೆ, ಆ ಕೂಟದಲ್ಲಿ ಬಣ್ಣ ಹುಟ್ಟುತ್ತದೆ. ಮೇಲ್ಪದರದಲ್ಲಿ ಹಳದಿ, ನಡುವೆ ಮಜೆಂಟಾ, ತಳದಲ್ಲಿ ಸಯಾನ್. ಎಷ್ಟು ಬೆಳ್ಳಿಯೋ ಅಷ್ಟು ಬಣ್ಣ. ಈಗ ಫಿಲ್ಮನ್ನು ನೋಡಿದರೆ ಗಾಬರಿಯಾಗುತ್ತದೆ. ಮೊದಲ ಬೆಳ್ಳಿ, ಎರಡನೆಯ ಬೆಳ್ಳಿ ಎರಡೂ ಸೇರಿ ಪೂರ್ತಿ ಕಾಡಿಗೆ. ಹೆದರಬೇಕಾಗಿಲ್ಲ. ಬ್ಲೀಚು ಅಷ್ಟೂ ಬೆಳ್ಳಿಯನ್ನು ಮರಳಿ ಲವಣ ಮಾಡುತ್ತದೆ, ಫಿಕ್ಸರು ಆ ಲವಣವನ್ನು ಕರಗಿಸಿ ಒಯ್ಯುತ್ತದೆ. ಕೊನೆಗೆ ಫಿಲ್ಮಿನಲ್ಲಿ ಒಂದು ಚೂರೂ ಬೆಳ್ಳಿ ಇರುವುದಿಲ್ಲ. ತಾನು ಇದ್ದ ಜಾಗದಲ್ಲಿ ಬಣ್ಣ ಬಿಟ್ಟು ಹೊರಟುಹೋಗಿರುತ್ತದೆ. ಒಟ್ಟು ಅರ್ಧ ಗಂಟೆಗಿಂತ ತುಸು ಹೆಚ್ಚು. ಮನೆಯಲ್ಲಿ ಮಾಡುವವರಿಗೆ ಇದನ್ನೇ ಮೂರು ದ್ರಾವಣಗಳಿಗೆ ಇಳಿಸಿದ ಕಿಟ್‌ಗಳೂ ಸಿಗುತ್ತವೆ. ಬ್ಲೀಚಿನ ಒಂದು ಹನಿ ಡೆವಲಪರಿಗೆ ಸೇರಿದರೂ ಕೆಲಸ ಕೆಟ್ಟಿತು. ಮುಚ್ಚಳಗಳಿಗೂ ಬೇರೆ ಬೇರೆ ಬಣ್ಣದ ಟೇಪು ಅಂಟಿಸಿಡಿ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಗಿಡದ ಬುಡಕ್ಕಾಗಲಿ ಚರಂಡಿಗಾಗಲಿ ಸುರಿಯಬಾರದು.

ನಾನು ಕಲಿತದ್ದು ಕೆಡಿಸಿಯೇ. ಒಂದು ಡಿಸೆಂಬರ್ ಬೆಳಗ್ಗೆ ಟಬ್ಬಿನ ನೀರು ಸರಿಯಾಗಿ 38 ತೋರಿಸುತ್ತಿತ್ತು. ಡೆವಲಪರ್ ಸುರಿದೆ, ಆರು ನಿಮಿಷ ಟ್ಯಾಂಕನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ರೇಡಿಯೊ ಕೇಳುತ್ತ ನಿಂತೆ. ಒಣಗಿದ ಮೇಲೆ ನೋಡಿದರೆ 36 ಚಿತ್ರಗಳೂ ಮುಸ್ಸಂಜೆ. ಬಿಳಿ ಗೋಡೆಗಳೆಲ್ಲ ಬೂದು. ಕ್ಯಾಮೆರಾ ಕೆಟ್ಟಿದೆ ಎಂದು ಎರಡು ದಿನ ಅದರ ಮೇಲೆ ಸಿಟ್ಟು ಮಾಡಿಕೊಂಡೆ. ನಿಜಕ್ಕೂ ಆದದ್ದು ಇಷ್ಟೇ: ಥರ್ಮಾಮೀಟರು ಅಳೆದದ್ದು ಟಬ್ಬಿನ ನೀರನ್ನು. ತಣ್ಣಗಿದ್ದ ಟ್ಯಾಂಕು ಮತ್ತು ಚಳಿಗಾಲದ ಗಾಳಿ ಒಳಗಿನ ದ್ರಾವಣದ ಬಿಸಿಯನ್ನು ಕದ್ದಿದ್ದವು. ಡೆವಲಪರ್ ತಣ್ಣಗಾದ್ದರಿಂದ ಮೊದಲ ಬೆಳ್ಳಿ ಕಡಿಮೆ ಹುಟ್ಟಿತು. ಉಳಿದ ಹರಳು ಹೆಚ್ಚಾಯಿತು. ಉಳಿದದ್ದು ಹೆಚ್ಚಾದರೆ ಬಣ್ಣ ಹೆಚ್ಚು, ಬಣ್ಣ ಹೆಚ್ಚಾದರೆ ಕತ್ತಲು ಹೆಚ್ಚು. ಇಡೀ ಇ-6ರ ತರ್ಕ ಆ ಹಾಳಾದ ರೋಲಿನಲ್ಲಿದೆ, ಅದನ್ನು ಇನ್ನೂ ಎಸೆದಿಲ್ಲ. ಇದೇ ತರ್ಕವನ್ನು ಬೇಕೆಂದೇ ಬಳಸುವುದೂ ಉಂಟು. ಬೆಳಕು ಸಾಲದೆ ಒಂದು ಸ್ಟಾಪ್ ಕಡಿಮೆ ಕೊಟ್ಟು ತೆಗೆದ ರೋಲನ್ನು ಮೊದಲ ಡೆವಲಪರಿನಲ್ಲಿ ಆರರ ಬದಲು ಎಂಟು ನಿಮಿಷ ಇಟ್ಟರೆ ಹೆಚ್ಚುಕಡಿಮೆ ಸರಿಹೋಗುತ್ತದೆ.

ಇಷ್ಟೆಲ್ಲ ಮಾಡಿ ಸ್ಲೈಡನ್ನು ಸ್ಕ್ಯಾನ್ ಮಾಡಿ ಮೊಬೈಲಿನಲ್ಲಿ ನೋಡುವವರೇ ಈಗ ಹೆಚ್ಚು. ಅದು ಬಿಸಿ ಹೋಳಿಗೆಯನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ತಿಂದಂತೆ; ಹಾಗೆ ತಿನ್ನುವವರೂ ಇದ್ದಾರೆ, ಜಗಳ ಬೇಡ. ಆದರೆ ಸ್ಲೈಡ್ ಫಿಲ್ಮನ್ನು ರೂಪಿಸಿರುವುದೇ ಕತ್ತಲ ಕೋಣೆಗೆ. ಸುತ್ತ ಕತ್ತಲಿದ್ದಾಗ ಚಿತ್ರದ ಕಪ್ಪು ಭಾಗಗಳು ಕಣ್ಣಿಗೆ ಇರುವುದಕ್ಕಿಂತ ತಿಳಿಯಾಗಿ, ಸಪ್ಪೆಯಾಗಿ ಕಾಣುತ್ತವೆ. ಅದನ್ನು ಸರಿದೂಗಿಸಲು ತಯಾರಕರು ಫಿಲ್ಮಿನ ಕಪ್ಪು-ಬಿಳುಪಿನ ಅಂತರವನ್ನು ಸುಮಾರು ಒಂದೂವರೆ ಪಟ್ಟು ಎಳೆದಿರುತ್ತಾರೆ. ಹಗಲಿನಲ್ಲಿ, ಬೆಳ್ಳಗಿನ ಪರದೆಯ ಮೇಲೆ ಅದೇ ಸ್ಲೈಡು ಒರಟೆನಿಸುವುದು ಇದಕ್ಕೇ. ಹೊಳಪಿನ ಕಾಗದದ ಮೇಲಿನ ಅತಿ ಕಪ್ಪು ಕೂಡ ಬಿಳುಪಿನ ನೂರನೇ ಒಂದು ಭಾಗದಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಸ್ಲೈಡಿನ ಕಪ್ಪು ಬಿಡುವುದು ಸಾವಿರದಲ್ಲೊಂದಕ್ಕಿಂತ ಕಡಿಮೆ. ಪರದೆಯ ಮೇಲೆ ದೇವಸ್ಥಾನದ ಗರ್ಭಗುಡಿಯ ದೀಪ ನಿಜವಾದ ದೀಪದಂತೆ ಉರಿಯುವುದರ ಗುಟ್ಟು ಇದೇ.

ಬೆಂಗಳೂರಿನ ಯೂತ್ ಫೊಟೊಗ್ರಾಫಿಕ್ ಸೊಸೈಟಿ ಹುಟ್ಟಿದ್ದು 1971ರಲ್ಲಿ. ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಅವರಂಥ ವನ್ಯಜೀವಿ ಛಾಯಾಗ್ರಾಹಕರ ಕಾಲವೂ ಅದೇ. ಆ ಪೀಳಿಗೆಗೆ ಬಣ್ಣವೆಂದರೆ ಸ್ಲೈಡೇ, ಸ್ಪರ್ಧೆಗೂ ಪತ್ರಿಕೆಯ ಮುಖಪುಟಕ್ಕೂ. ಇನ್ನು ಟಾಕೀಸುಗಳಲ್ಲಿ ಸಿನಿಮಾಕ್ಕೆ ಮುಂಚೆ ಬಟ್ಟೆ ಅಂಗಡಿಯ ಜಾಹೀರಾತು, ಧೂಮಪಾನ ನಿಷೇಧಿಸಿದೆ ಎಂಬ ಸೂಚನೆ ಬರುತ್ತಿದ್ದದ್ದೂ ಗಾಜಿನ ಸ್ಲೈಡಿನಿಂದಲೇ. ಸಿಗರೇಟಿನ ಹೊಗೆ ಆ ಬೆಳಕಿನ ಕೋಲಿನಲ್ಲೇ ಸುತ್ತುತ್ತಿರುತ್ತಿತ್ತು ಎಂಬುದು ಬೇರೆ ಮಾತು.

ಪ್ರೊಜೆಕ್ಟರು ಈಗ ಹಳೆಯದೇ ಕೊಳ್ಳಬೇಕು. 80 ಸ್ಲೈಡು ಹಿಡಿಯುವ ಗುಂಡು ತಟ್ಟೆಯ ಕೊಡಾಕ್ ಕ್ಯಾರೊಸೆಲ್ 1961ರಲ್ಲಿ ಬಂದದ್ದು, 2004ರ ಅಕ್ಟೋಬರಿನಲ್ಲಿ ಅದರ ತಯಾರಿಕೆ ನಿಂತಿತು. ಅಮೆರಿಕದಿಂದ ನೆಂಟರು ತಂದುಕೊಟ್ಟದ್ದಾದರೆ ಪ್ಲಗ್ಗಿಗೆ ಹಾಕುವ ಮೊದಲು ಅಡಿಯ ಚೀಟಿ ಓದಿ; ಅಲ್ಲಿನ 120 ವೋಲ್ಟಿನ ಯಂತ್ರ ನಮ್ಮ 230ಕ್ಕೆ ಒಂದೇ ಏಟಿಗೆ ಸುಟ್ಟುಹೋಗುತ್ತದೆ. ಹ್ಯಾಲೊಜೆನ್ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ಅತಿಯಾಗಿ ಕಾದು ಬಿರಿಯುತ್ತದೆ. ಆರಡಿ ಅಗಲದ ಪರದೆಯ ಮೇಲೆ ಸ್ಲೈಡು ಸುಮಾರು 50 ಪಟ್ಟು ಹಿಗ್ಗುತ್ತದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದ ದೂಳು ಅಲ್ಲಿ ತೊಗರಿಬೇಳೆಯಷ್ಟಾಗುತ್ತದೆ. ಚಿತ್ರ ಬಿದ್ದ ಒಂದೆರಡು ಸೆಕೆಂಡಿಗೆ ತಾನಾಗಿಯೇ ಮಸುಕಾದರೆ ನಿಮ್ಮ ಕಣ್ಣಿನ ದೋಷವಲ್ಲ. ದೀಪದ ಕಾವಿಗೆ ಫಿಲ್ಮು ಹಪ್ಪಳದಂತೆ ಸೊಟ್ಟಗಾಗಿ ಫೋಕಸ್ಸಿನಿಂದ ಆಚೆ ಸರಿದಿರುತ್ತದೆ. ಗಾಜಿನ ಚೌಕಟ್ಟು ಹಾಕಿದರೆ ಈ ತಂಟೆ ಇಲ್ಲ, ಆದರೆ ಫಿಲ್ಮು ಗಾಜಿಗೆ ತಾಗಿದ ಕಡೆ ಕಾಮನಬಿಲ್ಲಿನ ಬಳೆಗಳು ಮೂಡಬಹುದು. ಅದನ್ನು ತಪ್ಪಿಸಲೆಂದೇ ತುಸು ತರಿ ಮಾಡಿದ ಗಾಜು ಬರುತ್ತದೆ.

ಲೆನ್ಸು ಚಿತ್ರವನ್ನು ತಲೆಕೆಳಗು ಮಾಡುವುದರಿಂದ ಸ್ಲೈಡನ್ನು ತಲೆಕೆಳಗಾಗಿಯೇ ಹಾಕಬೇಕು. ಅದಕ್ಕೆ ಹಳಬರ ಉಪಾಯ: ಸ್ಲೈಡನ್ನು ನೆಟ್ಟಗೆ ನೋಡುವಾಗ ಎಡಗಡೆಯ ಕೆಳಮೂಲೆಯಲ್ಲಿ ಒಂದು ಚುಕ್ಕೆ ಇಡಿ. ತಟ್ಟೆಗೆ ಹಾಕುವಾಗ ಆ ಚುಕ್ಕೆ ಬಲಗೈ ಹೆಬ್ಬೆರಳ ಕೆಳಗೆ ಬಂದರೆ ಸರಿ.

ತೋರಿಸುವುದೇ ಸ್ಲೈಡಿಗೆ ಸವೆತ. ಬಣ್ಣದ ಅಣುಗಳು ಆ ಪ್ರಖರ ದೀಪದ ಮುಂದೆ ಕೂತಷ್ಟು ಹೊತ್ತೂ ಮುರಿಯುತ್ತ ಹೋಗುತ್ತವೆ. ಕೊಡಾಕ್ರೋಮ್ ಕತ್ತಲ ಪೆಟ್ಟಿಗೆಯಲ್ಲಿ ದಶಕಗಟ್ಟಲೆ ಬಣ್ಣ ಕಾಯ್ದುಕೊಳ್ಳುತ್ತದೆ, ದೀಪದ ಮುಂದೆ ಬೇಗ ಸೋಲುತ್ತದೆ. ಫ್ಯೂಜಿಯವು ದೀಪಕ್ಕೆ ಗಟ್ಟಿ. ಯಾವುದೇ ಆಗಲಿ, ಒಂದು ಚಿತ್ರ ಹಾಕಿಟ್ಟು ಅದರ ಮುಂದೆ ನಿಂತು ಭಾಷಣ ಮಾಡಬೇಡಿ. ಅದಕ್ಕಿಂತ ದೊಡ್ಡ ವೈರಿ ನಮ್ಮ ಮಳೆ. ಜಿಲೆಟಿನ್ ಎಂದರೆ ಬೂಷ್ಟಿಗೆ ಹಬ್ಬದೂಟ. ಮಲೆನಾಡಿನ ಒಂದು ಜಡಿಮಳೆ ಸಾಕು, ಚಿತ್ರದ ಮೇಲೆ ಜೇಡರಬಲೆಯಂಥ ಎಳೆಗಳು ಹರಡಿಕೊಳ್ಳುತ್ತವೆ. ಆಮೇಲೆ ಒರೆಸಹೋದರೆ ಎಳೆಯೊಂದಿಗೆ ಬಣ್ಣವೂ ಏಳುತ್ತದೆ. ನಿಮ್ಮ ಮನೆಯ ಅಟ್ಟದಲ್ಲಿ ಅಪ್ಪನದೋ ಮಾವನದೋ ಸ್ಲೈಡ್ ಪೆಟ್ಟಿಗೆ ಇದ್ದರೆ ಈ ಸಲ ಮಳೆ ಹಿಡಿಯುವ ಮೊದಲೇ ಇಳಿಸಿ. ಒಂದೊಂದನ್ನೂ ಅಂಚು ಹಿಡಿದು ಕಿಟಕಿಯ ಬೆಳಕಿಗೆ ನೋಡಿ, ಸಿಲಿಕಾ ಜೆಲ್ಲಿನ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿಡಿ. ಜೆಲ್ ನೀಲಿಯಿಂದ ನಸುಗೆಂಪಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರಾಯಿತು, ಮತ್ತೆ ಕೆಲಸಕ್ಕೆ ಬರುತ್ತದೆ. ಆ ಬಾಣಲೆಯನ್ನು ಮಾತ್ರ ಆಮೇಲೆ ಅಡುಗೆಗೆ ಬಳಸಬೇಡಿ.